ಒಂದು ಎಕರೆ ಪಾಳು ಜಮೀನಿಗೆ ಹೊಂಗೆ ಹಾಕಿದರೆ ಸೊಪ್ಪು, ಎಣ್ಣೆಬೀಜ ಎರಡೂ ಸಿಗುತ್ತದಾ?

ಸೊಪ್ಪು ಗದ್ದೆಗೆ ಗೊಬ್ಬರವಾಗಿ, ಬೀಜ ಗಾಣಕ್ಕೆ. ನಾನೂ ಇದೇ ಲೆಕ್ಕ ಹಾಕಿ ಹೊಂಗೆ ನೆಟ್ಟವನು. ನಮ್ಮದು ಹಾಸನದ ಕಡೆ. 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಬಂತು, ಹೊಂಗೆಯಂಥ ಮರಗಳ ಎಣ್ಣೆಯಿಂದ ಇಂಧನ ಮಾಡುವುದು ಅಂತ. ಮಡೆನೂರಿನ ಜೈವಿಕ ಇಂಧನ ಉದ್ಯಾನದ ಮಾತು ಆಗ ನಮ್ಮ ಕಡೆ ಜಾಸ್ತಿ ಇತ್ತು. ಮನೆಯವರು ಬೇಡ ಅಂದರೂ ಎಕರೆ ಪೂರ್ತಿ ಹೊಂಗೆ ಹಾಕಿದೆ.

ಗಿಡ ಚೆನ್ನಾಗಿಯೇ ಹತ್ತಿದವು. ಐದಾರು ವರ್ಷಕ್ಕೆ ಹೂವೂ ಬಂತು. ಯುಗಾದಿ ಕಳೆದ ಮೇಲೆ ಒಳಗೆ ಹೋದರೆ ನೆಲದ ತುಂಬ ತಿಳಿ ನೇರಳೆ ಹೂವು, ಮೇಲೆ ಜೇನುಹುಳದ ಸದ್ದು. ಕಾಯಿ ಮಾತ್ರ ಕೈಗೆ ಸಿಗಲಿಲ್ಲ. ಎಲೆ ಮೇಲೆ ಗುಳ್ಳೆ ಎದ್ದಿದ್ದವು, ಅದೇ ರೋಗ ಅಂತ ಸುಮ್ನೆ ಔಷಧಿಗೆ ದುಡ್ಡು ಸುರಿದೆ. ಆ ಗುಳ್ಳೆ ನುಸಿಯಿಂದ ಬರುವುದು, ಮರಕ್ಕೆ ಅಂಥ ತೊಂದರೆ ಇಲ್ಲ.

ತಪ್ಪು ಇದ್ದದ್ದು ನಾನು ಸೊಪ್ಪು ಸವರುತ್ತಿದ್ದುದರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಲಿಲ್ಲ. ಹೊಂಗೆ ಏಪ್ರಿಲ್‌ನಲ್ಲಿ ಹೂ ಬಿಟ್ಟರೆ ಕಾಯಿ ಬಲಿಯಲು ಹತ್ತು ಹನ್ನೊಂದು ತಿಂಗಳು ಬೇಕು. ಅಂದರೆ ಮುಂದಿನ ಫೆಬ್ರವರಿ, ಮಾರ್ಚ್. ನಾನು ಪ್ರತಿ ಆಷಾಢದಲ್ಲಿ ಗದ್ದೆಗೆ ತುಳಿಸಲು ಎಲ್ಲ ಮರಗಳ ರೆಂಬೆ ಸವರುತ್ತಿದ್ದೆ. ಆಗ ಕಾಯಿ ಇನ್ನೂ ಎಳಸು, ಹಸಿರು. ಸೊಪ್ಪಿನ ಮಧ್ಯೆ ಕಣ್ಣಿಗೇ ಬೀಳುವುದಿಲ್ಲ. ಮುಂದಿನ ವರ್ಷದ ಬೀಜವನ್ನೆಲ್ಲ ಸೊಪ್ಪಿನ ಜೊತೆ ಕೆಸರಿಗೆ ತುಳಿಸುತ್ತಿದ್ದೆ. ಬೇರೆ ತಿಂಗಳಲ್ಲಿ ಕಡಿದರೆ ಆಗಲ್ವಾ ಅಂತ ಕೇಳಬಹುದು. ಯಾವ ತಿಂಗಳಲ್ಲಿ ಕಡಿದರೂ ಆ ರೆಂಬೆಯಲ್ಲಿ ಕಾಯಿ ಇರುತ್ತದೆ, ಇಲ್ಲವೇ ಹೂ ಬಿಡಬೇಕಾದ ಚಿಗುರು ಇರುತ್ತದೆ. ವರ್ಷಾ ವರ್ಷಾ ಸವರಿಸಿಕೊಂಡ ಮರ ರೆಂಬೆ ಬೆಳೆಸುವುದರಲ್ಲೇ ಇರುತ್ತದೆ. ಒಂದೇ ಮರದಿಂದ ಎರಡನ್ನೂ ಕೇಳಬಾರದು.

ಇನ್ನು ನಿಮ್ಮ ಎಕರೆ. ದಯವಿಟ್ಟು ಪೂರ್ತಿ ಹೊಂಗೆ ಹಾಕಬೇಡಿ. ಹೊಂಗೆ ಬದುವಿನ ಮರ, ಬೇಲಿಯ ಮರ, ಹಳ್ಳದ ದಂಡೆಯ ಮರ. ಒಂದು ಬದಿಯಲ್ಲಿ ಸೊಪ್ಪಿಗೆ ಒತ್ತಾಗಿ ಹಾಕಿ. ಇನ್ನೊಂದು ಬದಿಯಲ್ಲಿ ಬೀಜಕ್ಕೆ ಅಂತ 20 ಅಡಿಗೊಂದು ಕಸಿ ಗಿಡ ಹಾಕಿ. ಬೀಜದಿಂದ ಎದ್ದ ಗಿಡ ತಾಯಿಮರದ ಹಾಗೇ ಫಲ ಕೊಡುತ್ತದೆ ಅನ್ನೋ ಖಾತ್ರಿ ಇಲ್ಲ. ಒಂದು ಮರ ಕಾಯಿಯಿಂದ ಜೋತುಬಿದ್ದರೆ ಪಕ್ಕದ್ದು ಬರಿದಾಗಿರುತ್ತದೆ.

ಎಣ್ಣೆಯಿಂದ ಎಂಜಿನ್ ಓಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಅನ್ನೋ ಊರಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ನೀರೆತ್ತಿಸಿದ್ದರು. ಆದರೆ ಅದು ಊರಿಗೆ ಊರೇ ಸೇರಿ ಮಾಡುವ ಕೆಲಸ. ಒಬ್ಬರ ಮನೆಯಲ್ಲಿ ಬೀಜ ಬಿಡಿಸುವುದೇ ದೊಡ್ಡ ಪಾಡು. ಒಂದು ಕಾಯಿಗೆ ಸಾಮಾನ್ಯವಾಗಿ ಒಂದೇ ಬೀಜ. ಕಲ್ಲಿನ ಮೇಲೆ ಕಾಯಿಯನ್ನು ಅಂಚಿಗೆ ನಿಲ್ಲಿಸಿ ಹದವಾಗಿ ಬಡಿದರೆ ಸಿಪ್ಪೆ ಎರಡಾಗಿ ಕೆಂಗಂದು ಬೀಜ ಹೊರಗೆ ಬರುತ್ತದೆ. ಜೋರಾಗಿ ಬಿದ್ದರೆ ಬೀಜವೇ ಹೋಳು. ಕೂಲಿ ಕೊಟ್ಟು ಬಿಡಿಸಿದರೆ ಏನೂ ಉಳಿಯುವುದಿಲ್ಲ. ಗಾಣದಲ್ಲಿ ಸಿಗುವ ಎಣ್ಣೆ ಬೀಜದ ತೂಕದ ಕಾಲು ಭಾಗದಷ್ಟು. ಹಿಂಡಿಯನ್ನು ಮಾತ್ರ ಗಾಣದವರಿಗೆ ಬಿಡಬೇಡಿ, ತೆಂಗಿನ ಬುಡಕ್ಕೆ ಅದಕ್ಕಿಂತ ಒಳ್ಳೆ ಗೊಬ್ಬರ ನಾನು ಕಂಡಿಲ್ಲ. ದನಕ್ಕೆ ಹಾಕಬೇಡಿ, ಅದು ವಿಷ.

ಗಿಡ ದೊಡ್ಡದಾದ ಮೇಲೆ ಬೀಜದ ಮರಗಳ ಕಾಂಡಕ್ಕೆ ಸುಣ್ಣದ ಪಟ್ಟೆ ಹೊಡೆಯಿರಿ. ಸೊಪ್ಪು ಕಡಿಯಲು ಬಂದವರಿಗೆ ಮೊದಲು ಆ ಪಟ್ಟೆ ತೋರಿಸಿ, ಆಮೇಲೆ ಕುಡುಗೋಲು ಕೊಡಿ.