ಆಸ್ತಮಾಗೆ ಒಮಾಲಿಜುಮಾಬ್ ಚುಚ್ಚುಮದ್ದು: ಮೊದಲ ದಿನ ಹೇಗಿರುತ್ತದೆ? ಇನ್ಹೇಲರ್ ಬಿಡಬಹುದೇ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬಿಡಬೇಡಿ. ನಾನು ವೈದ್ಯೆಯಲ್ಲ, ಬೆಂಗಳೂರಿನಲ್ಲಿ ಇದೇ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವ ಆಸ್ತಮಾ ರೋಗಿ. ಈ ಔಷಧ ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯವನ್ನು (ದೇಹವೇ ತಯಾರಿಸುವ ಒಂದು ಪ್ರೋಟೀನು) ರಕ್ತದಲ್ಲೇ ಕಟ್ಟಿಹಾಕುತ್ತದೆ. ಉಬ್ಬಸ ಎದ್ದಾಗ ಇಳಿಸುವ ಶಕ್ತಿ ಇದಕ್ಕಿಲ್ಲ. ಪರಿಣಾಮ ಕಾಣಲು ವಾರಗಳು ಬೇಕು. ಮುಂದುವರಿಸಬೇಕೇ ಎಂದು ವೈದ್ಯರು ಸಾಮಾನ್ಯವಾಗಿ 16 ವಾರಗಳ ಹೊತ್ತಿಗೆ ನೋಡುತ್ತಾರೆ. ಮೊದಲ ತಿಂಗಳು ಏನೂ ಅನ್ನಿಸದಿದ್ದರೆ ಔಷಧವನ್ನು ಬೈಯಬೇಡಿ. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ತುರ್ತು ಇನ್ಹೇಲರ್ ಎಷ್ಟು ಸಲ ಎಳೆದಿರಿ ಎಂದು ಬರೆದಿಡಿ. ವೈದ್ಯರ ಮುಂದೆ 'ಪರವಾಗಿಲ್ಲ' ಎನ್ನುವುದಕ್ಕಿಂತ ಆ ಚೀಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲ ದಿನದ ಬಹುಪಾಲು ಕಾಯುವುದರಲ್ಲೇ ಹೋಗುತ್ತದೆ. ನಿಮ್ಮ ತೂಕ ಮತ್ತು ಐಜಿಇ ಮಟ್ಟ ನೋಡಿ ಪ್ರಮಾಣ ನಿರ್ಧರಿಸುತ್ತಾರೆ. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಹೋಗಬೇಕಾಗುತ್ತದೆ. ಪುಡಿಯ ರೂಪದ ಔಷಧವಾದರೆ ಕರಗಲು ಸುಮಾರು 20 ನಿಮಿಷ ಬೇಕು, ಹಾಗಾಗಿ ನರ್ಸ್ ತಡಮಾಡಿದರೆಂದು ಸಿಡುಕಬೇಡಿ. ದ್ರವ ಮಂದ, ಚರ್ಮದಡಿಗೆ ಮೆಲ್ಲಗೆ ತಳ್ಳುತ್ತಾರೆ. ನನಗಂತೂ ಸೂಜಿಗಿಂತ ಆಮೇಲಿನ ಉರಿಯೇ ಹೆಚ್ಚು. ಒಂದೇ ದಿನ ಎರಡು ಮೂರು ಕಡೆ ಚುಚ್ಚುವುದೂ ಉಂಟು.

ಭಯಪಡಬೇಕಾದದ್ದು ತೀವ್ರ ಅಲರ್ಜಿ ಪ್ರತಿಕ್ರಿಯೆ. ಅದು ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುವಷ್ಟು ಅಪರೂಪ, ಆದರೆ ಅಪಾಯಕಾರಿ. ಅದಕ್ಕೇ ಮೊದಲ ಮೂರು ಚುಚ್ಚುಮದ್ದುಗಳ ನಂತರ ಸುಮಾರು ಎರಡು ಗಂಟೆ, ಆಮೇಲೆ ಅರ್ಧ ಗಂಟೆ ಕೂರಿಸುವ ಪದ್ಧತಿಯಿದೆ. ಕೆಲವೊಮ್ಮೆ ಪ್ರತಿಕ್ರಿಯೆ ಮನೆ ಸೇರಿದ ಮೇಲೂ ಬರಬಹುದು. ಸಂಜೆ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಒಬ್ಬರೇ ಸಿಕ್ಕಿಕೊಳ್ಳುವುದು ಬೇಡ. ಬೆಳಗಿನ ಸಮಯ ಕೇಳಿ, ಜೊತೆಗೆ ಯಾರನ್ನಾದರೂ ಕರೆದೊಯ್ಯಿರಿ. ಮೈಯೆಲ್ಲ ದದ್ದು, ತುಟಿ ಅಥವಾ ನಾಲಿಗೆ ಊತ, ತಲೆಸುತ್ತು, ಹೆಚ್ಚಿದ ಉಸಿರಾಟದ ತೊಂದರೆ ಕಂಡರೆ ಕೂಡಲೇ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.

ಇನ್ನೊಂದು: ಚಿಕಿತ್ಸೆ ಶುರುವಾದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಒಟ್ಟು ಐಜಿಇ ಏರಿರುತ್ತದೆ. ಔಷಧಕ್ಕೆ ಅಂಟಿಕೊಂಡ ಐಜಿಇಯೂ ಲೆಕ್ಕಕ್ಕೆ ಸೇರುವುದರಿಂದ ಹೀಗಾಗುತ್ತದೆ, ರೋಗ ಹೆಚ್ಚಿದೆ ಎಂದಲ್ಲ.

ಹಣದ ವಿಷಯ: ಆರೋಗ್ಯ ವಿಮೆ ನಿರಾಕರಿಸುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಪಟ್ಟಿ ಮಾಡಿದ ಆಧುನಿಕ ಚಿಕಿತ್ಸೆಗಳಲ್ಲಿ ಚುಚ್ಚುಮದ್ದಾಗಿ ಕೊಡುವ ಮೊನೊಕ್ಲೋನಲ್ ಪ್ರತಿಕಾಯಗಳೂ (ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯಗಳು) ಇವೆ; ಒಮಾಲಿಜುಮಾಬ್ ಈ ಗುಂಪಿನದೇ. ಆದರೆ ಪಾಲಿಸಿಗಳಲ್ಲಿ ಮಿತಿ ಇರಬಹುದು. ಮೊದಲ ಡೋಸ್‌ಗೆ ಮುಂಚೆಯೇ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ.