ಮೆಯ್ಹಾನೆ ಊಟದ ಕೊನೆಗೆ ಯಾವ ಸಿಹಿ?

ನವೆಂಬರ್‌ನಲ್ಲಿ ಇಸ್ತಾಂಬುಲ್‌ಗೆ ಹೋದಾಗ ಮೆಯ್ಹಾನೆಯಲ್ಲಿ (ಮದ್ಯದ ಜೊತೆ ಊಟ ಕೊಡುವ ಟರ್ಕಿಯ ಹೋಟೆಲು) ಊಟದ ಕೊನೆಗೆ ಪದರ ಪದರದ ಸಿಹಿ ಬಕ್ಲಾವಾನೇ ಹೇಳಬೇಕಾ ಅಂತ ಕೇಳಿದ್ದೀರಿ. ಬೇಡ ಸರ್. ಬಕ್ಲಾವಾಕ್ಕೆ ಅಂತಲೇ ಬೇರೆ ಅಂಗಡಿಗಳಿವೆ, ಅಲ್ಲೇ ತಿನ್ನಿ.

ನೀವು ಹೋಗುವ ಕಾಲಕ್ಕೆ ಸರಿಯಾದದ್ದು ಅಯ್ವಾ ತತ್ಲಿಸಿ. ಅಯ್ವಾ ಅಂದರೆ ಸೇಬಿನ ಜಾತಿಯ ಕ್ವಿನ್ಸ್ ಹಣ್ಣು, ತತ್ಲಿಸಿ ಅಂದರೆ ಅದರ ಸಿಹಿ. ಹಸಿಯಾಗಿ ಕಚ್ಚಿದರೆ ಬಾಯೆಲ್ಲ ಒಗರು. ಅದನ್ನು ಎರಡು ಹೋಳು ಮಾಡಿ, ಸಕ್ಕರೆ, ಲವಂಗ ಹಾಕಿ, ಬೀಜಗಳನ್ನೂ ಜೊತೆಗೇ ಬಿಟ್ಟು ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಬೀಜದಲ್ಲಿರುವ ಅಂಟು ಪದಾರ್ಥ ಪೆಕ್ಟಿನ್‌ನಿಂದ ಪಾಕ ಲೋಳೆಗಟ್ಟಿ ಹೊಳೆಯುತ್ತದೆ, ಬೆಂದಷ್ಟೂ ಹಣ್ಣು ಕೆಂಪೇರುತ್ತದೆ. ಮೇಲೊಂದು ಚಮಚ ಕಯ್ಮಾಕ್, ಅಂದರೆ ಗಟ್ಟಿ ಕೆನೆ. ಎಮ್ಮೆ ಹಾಲಿನ ಕೆನೆಯದಾದರೆ ಕೇಳುವುದೇ ಬೇಡ! ಸಿಹಿಯ ಜೊತೆ ಆ ಸಣ್ಣ ಹುಳಿ ಉಳಿದಿರುತ್ತಲ್ಲ, ರಾಕಿ (ಸೋಂಪಿನ ಮದ್ಯ), ಮೆಜೆ (ಅದರ ಜೊತೆಗಿನ ಸಣ್ಣ ಸಣ್ಣ ತಿನಿಸುಗಳು) ಎಲ್ಲ ಆದಮೇಲೆ ನಾಲಿಗೆಗೆ ಬೇಕಾಗಿರುವುದು ಅದೇ.

ಸಿಹಿಗುಂಬಳಕಾಯಿಯದೂ ಸಿಗುತ್ತದೆ: ಸಕ್ಕರೆ ಹಾಕಿಟ್ಟಾಗ ಬಿಟ್ಟ ನೀರಿನಲ್ಲೇ ಬೇಯಿಸಿ, ಮೇಲೆ ತಾಹಿನಿ (ಎಳ್ಳು ಅರೆದ ಪೇಸ್ಟ್), ಅಕ್ರೋಟು. ಮೀನು ತಿಂದಿದ್ದರೆ ಮಾತ್ರ ಓವನ್‌ನಲ್ಲಿ ಸುಟ್ಟ ಎಳ್ಳಿನ ಹೆಲ್ವಾ ಹೇಳಿ. ನಿಂಬೆರಸ ಹಿಂಡಿಕೊಂಡು ಬಿಸಿಯಿರುವಾಗಲೇ ತಿನ್ನಿ, ಆರಿದರೆ ಗಟ್ಟಿಯಾಗುತ್ತದೆ.