ಹಳೆಯ ಪಿಕಪ್ ಕಟ್ಟುವ ಮುನ್ನ ಆರ್‌ಸಿ ಬಿಡಿಸಿ ನೋಡಿ

ಪ್ರಶ್ನೆ: ಅಜ್ಜ ತೋಟಕ್ಕೆಂದು ಕೊಂಡಿದ್ದ 1970ರ ವಿಲ್ಲಿಸ್ ಪೆಟ್ರೋಲ್ ಪಿಕಪ್ ನಮ್ಮ ಕೊಟ್ಟಿಗೆಯಲ್ಲಿದೆ. ಖಾಸಗಿ ನೋಂದಣಿಯ ಗಾಡಿ. ಹೊರಗಿನ ರೂಪ ಹಾಗೇ ಉಳಿಸಿಕೊಂಡು, ಒಳಗೆ ಹೊಸ ಡೀಸೆಲ್ ಎಂಜಿನ್ ಕೂರಿಸಿ, ವಿಂಟೇಜ್ ನಂಬರ್ ಮಾಡಿಸುವ ಆಸೆ. ಸಾಧ್ಯವೇ?

ಉತ್ತರ: ಡೀಸೆಲ್ ಎಂಜಿನ್ನೂ ವಿಂಟೇಜ್ ನಂಬರೂ ಒಟ್ಟಿಗೆ ಸಿಗುವುದಿಲ್ಲ. ನಿಮ್ಮ ಗಾಡಿಗೆ ಡೀಸೆಲ್ ಎಂಜಿನ್ ಒಂದನ್ನೇ ಕೇಳಿದರೂ ಅನುಮತಿ ನಿರೀಕ್ಷಿಸಬೇಡಿ.

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಭಾಗ ಸೇರಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರುವ, ವೈಯಕ್ತಿಕ ಬಳಕೆಯ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಅದು ಅನ್ವಯ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಈ ಮೂರರಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುತ್ತದೆ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ, ಇಷ್ಟಕ್ಕೇ ರಸ್ತೆಗಿಳಿಯಬಹುದು. ತೋಟದಿಂದ ಪೇಟೆಗೆ ತೆಂಗಿನಕಾಯಿ ಒಯ್ಯಬೇಕೆಂದಿದ್ದರೆ ವಿಎ ನಂಬರಿನ ಯೋಚನೆ ಬಿಟ್ಟು, ಈಗಿರುವ ಖಾಸಗಿ ನೋಂದಣಿಯನ್ನೇ ನವೀಕರಿಸಿಕೊಳ್ಳಿ. 15 ವರ್ಷ ಮುಗಿದ ಖಾಸಗಿ ವಾಹನಕ್ಕೆ 5 ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ಅದು ಆಗುತ್ತದೆ.

ಇನ್ನು ಎಂಜಿನ್. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದು ಇಷ್ಟು: ಗಾಡಿ ತಯಾರಿಸಿದವರು ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸಬಾರದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಖಚಿತಪಡಿಸಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಿಸಲು ಅನುಮೋದಿತ ಕಿಟ್ಟಿನ ದಾರಿಯಿದೆ, ಪೆಟ್ರೋಲಿನಿಂದ ಡೀಸೆಲ್ಲಿಗೆ ಹೋಗಲು ಅಂಥ ದಾರಿಯಿಲ್ಲ. ಅನುಮತಿಯಿಲ್ಲದೆ ಮಾಡಿದರೆ 182ಎ ಕಲಮಿನಡಿ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದ ದಿನ ವಿಮೆ ಕಂಪನಿ ಮೊದಲು ಹುಡುಕುವುದೂ ಇದನ್ನೇ.

ನಮ್ಮ ಸಲಹೆ, ಹಳೆಯ ಹರಿಕೇನ್ ಎಂಜಿನ್ನನ್ನೇ ಚೆನ್ನಾಗಿ ಕಟ್ಟಿ. 134 ಘನ ಅಂಗುಲದ, ಅಂದರೆ 2.2 ಲೀಟರಿನ ಈ ನಾಲ್ಕು ಸಿಲಿಂಡರಿನ ಎಂಜಿನ್ ನಿಧಾನಿ, ಆದರೆ ಬಹಳ ಗಟ್ಟಿ. ಅದನ್ನು ಈಗ ಕೆಡಿಸುತ್ತಿರುವುದು ವಯಸ್ಸಿಗಿಂತ ಹೆಚ್ಚಾಗಿ ಪೆಟ್ರೋಲ್. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಎಕ್ಸಾಸ್ಟ್ ವಾಲ್ವ್ ಸೀಟಿಗೆ ರಕ್ಷಣೆಯಾಗಿತ್ತು. ಸೀಸವಿಲ್ಲದ ಪೆಟ್ರೋಲಿನಲ್ಲಿ ಮೆದು ಸೀಟು ಸವೆದು ವಾಲ್ವ್ ಕೆಳಗಿಳಿಯುತ್ತದೆ, ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಎತ್ತುವ ಟ್ಯಾಪೆಟ್ಟಿಗೂ ನಡುವಿನ ಸಂದು) ಮುಚ್ಚಿಹೋಗುತ್ತದೆ, ಕೊನೆಗೆ ವಾಲ್ವ್ ಸುಡುತ್ತದೆ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವ್‌ಗಳಿರುವುದು ಬ್ಲಾಕಿನಲ್ಲಿ, ಇನ್‌ಲೆಟ್ ಮಾತ್ರ ಹೆಡ್ಡಿನಲ್ಲಿ. ಹೆಡ್ ಒಂದನ್ನೇ ಬಿಚ್ಚಿ ಲೇತಿಗೆ ಕಳಿಸಿದರೆ ಅರ್ಧ ಕೆಲಸವೂ ಆದಂತಲ್ಲ. ಬೋರಿಂಗಿಗೆ ಬ್ಲಾಕ್ ಹೋದಾಗಲೇ ಸವೆದ ಸೀಟುಗಳನ್ನು ತೆಗೆಸಿ ಗಟ್ಟಿ ಲೋಹದವನ್ನು ಕೂರಿಸಿಕೊಳ್ಳಿ.

ಎರಡನೆಯದು ಎಥನಾಲ್. ಶೇ. 20 ಎಥನಾಲ್ ಇರುವ ಪೆಟ್ರೋಲಿಗೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಹಳೆಯ ಎಸಿ ಪಂಪಿನ ಡಯಾಫ್ರಮ್ ಮತ್ತು ರಬ್ಬರ್ ಪೈಪುಗಳು ಉಬ್ಬಿ ಬಿರಿಯುತ್ತವೆ. ಎಥನಾಲ್ ತಾಳುವ ರಬ್ಬರನ್ನೇ ಕೇಳಿ ಹಾಕಿಸಿ. ಟ್ಯಾಂಕಿನ ಹಳೆಯ ತುಕ್ಕು ಕಳಚಿ ಬರುವುದರಿಂದ ಟ್ಯಾಂಕ್ ಮೊದಲು ತೊಳೆಸಿ, ಪಂಪಿನ ಮುಂಚೆ ಫಿಲ್ಟರ್ ಇಡಿ. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಮಿಶ್ರಣ ತೆಳುವಾಗಿ, ಏರಿನಲ್ಲಿ ಎಂಜಿನ್ ಕಾದು ಕೆಮ್ಮುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಮೇನ್ ಜೆಟ್ಟಿನ ವ್ಯಾಸವನ್ನು ಶೇ. 3ರಿಂದ 4ರಷ್ಟು ಹೆಚ್ಚಿಸಿದರೆ ಸಾಕು, 1.30 ಮಿ.ಮೀ. ಇದ್ದರೆ 1.35. ಹೊಗೆ ತಪಾಸಣೆ ನಡೆಯುವುದು ಐಡ್ಲಿಂಗಿನಲ್ಲಿ. ಅಲ್ಲಿ ಮೇನ್ ಜೆಟ್ಟಿನ ಪಾತ್ರವಿಲ್ಲ, ಐಡಲ್ ಮಿಕ್ಸ್‌ಚರ್ ಸ್ಕ್ರೂ ಮುಖ್ಯ. ಇಷ್ಟು ಹಳೆಯ ಪೆಟ್ರೋಲ್ ಗಾಡಿಗೆ ಮಿತಿ ಕಾರ್ಬನ್ ಮಾನಾಕ್ಸೈಡ್ ಶೇ. 3, ಹೈಡ್ರೊಕಾರ್ಬನ್ 1,500 ಪಿಪಿಎಂ. ಸರಿಯಾಗಿ ಕಟ್ಟಿದ ಎಂಜಿನ್ ಅದರೊಳಗೆ ಬರುತ್ತದೆ.

ಬ್ಲಾಕೇ ಒಡೆದಿದ್ದರೆ ಅದೇ ಕಂಪನಿಯ, ಅದೇ ಮಾದರಿಯ, ಅದೇ ಇಂಧನದ ಎಂಜಿನ್ನಿಗೆ ಆರ್‌ಟಿಓ ಅನುಮತಿ ಕೇಳಬಹುದು. ಗುಜರಿಯಿಂದ ತರುವಾಗ ಬಿಲ್ ಇಲ್ಲದೆ ಮುಟ್ಟಬೇಡಿ. ಆ ಎಂಜಿನ್ ನಂಬರ್ ಇನ್ನೊಂದು ಗಾಡಿಯ ಆರ್‌ಸಿಯಲ್ಲಿ ಇನ್ನೂ ಜೀವಂತವಾಗಿದ್ದರೆ ಕಳ್ಳಮಾಲಿನ ಪ್ರಶ್ನೆ ನಿಮ್ಮ ಮೇಲೆ ಬರುತ್ತದೆ.

ಪ್ರಶ್ನೆ: ಚಾಸಿ ನಂಬರಿನ ಮೇಲೆ ತುಕ್ಕು ಕಟ್ಟಿದೆ. ಪಕ್ಕದಲ್ಲೇ, ಸ್ಪ್ರಿಂಗ್ ಬ್ರಾಕೆಟ್ಟಿನ ಬಳಿ ಒಂದು ಬಿರುಕೂ ಇದೆ. ಬ್ಲಾಸ್ಟಿಂಗ್ (ಮರಳು ಚಿಮ್ಮಿಸಿ ತುಕ್ಕು ತೆಗೆಯುವುದು) ಮಾಡಿಸಿ ವೆಲ್ಡ್ ಹಾಕಿಸಬಹುದೇ?

ಉತ್ತರ: ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ಬೇಡ, ಬ್ಲಾಸ್ಟಿಂಗೂ ಬೇಡ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಒಂದು ದಿನ ಕಟ್ಟಿಟ್ಟು, ಹಿತ್ತಾಳೆ ಬ್ರಷ್ಷಿನಲ್ಲಿ ಕೈಯಿಂದಲೇ ಉಜ್ಜಿ. ಅಂಕಿಗಳು ಕಂಡ ಕೂಡಲೇ ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿಯ ಜೊತೆ ಹೋಲಿಸಿ, ದಿನಾಂಕ ಸಹಿತ ಫೋಟೊ ಇಟ್ಟುಕೊಳ್ಳಿ. ಬ್ಲಾಸ್ಟಿಂಗಿಗೆ ಕಳಿಸುವಾಗ ಅದರ ಮೇಲೆ ದಪ್ಪ ರಬ್ಬರ್ ಹಾಳೆ ಅಂಟಿಸಿ, ಆಮೇಲೆ ಗ್ರೀಸ್ ಅಥವಾ ತೆಳು ಬಣ್ಣ ಸಾಕು. ಒಂದೆರಡು ಅಂಕಿ ಓದಲಾಗದಿದ್ದರೂ ನೀವಾಗಿ ಪಂಚ್ ಹೊಡೆಸಬೇಡಿ. ಅದು ನಂಬರ್ ತಿದ್ದಿದಂತೆ. ಆರ್‌ಟಿಓಗೆ ಅರ್ಜಿ ಕೊಟ್ಟು, ಅವರ ಆದೇಶದ ಮೇಲೆಯೇ ಮರುಮುದ್ರೆ ಆಗಬೇಕು.

ಬಿರುಕಿಗೆ ಬರುವ ಮೊದಲು ಚಾಸಿ ನೇರವಾಗಿದೆಯೇ ನೋಡಿ. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಸ್ಪ್ರಿಂಗ್ ಬ್ರಾಕೆಟ್ಟುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಅಳತೆಗಳ ನಡುವೆ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಚಾಸಿ ಎಳೆಸಬೇಕು. ಸೊಟ್ಟಗಿರುವಾಗಲೇ ವೆಲ್ಡ್ ಮಾಡಿದರೆ ಸೊಟ್ಟವೇ ಖಾಯಂ.

ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಉದ್ದವಿರುತ್ತದೆ. ಬಣ್ಣ ತೆಗೆದು ತುದಿ ಹುಡುಕಿ, ಆ ತುದಿಯಲ್ಲಿ 6 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ವೆಲ್ಡಿನ ಪಕ್ಕದಿಂದ ಅದು ಮತ್ತೆ ಓಡುತ್ತದೆ. ಬಿರುಕಿನುದ್ದಕ್ಕೂ 'ವಿ' ಆಕಾರದಲ್ಲಿ ಕೊರೆದು, ಬ್ಯಾಟರಿ ಬಿಚ್ಚಿ, ತೇವವಿಲ್ಲದ 7018 ರಾಡಿನಿಂದ ತುಂಬಿಸಿ ಸಮ ಮಾಡಿ. ಮೇಲೆ ಚಾಸಿಯ ದಪ್ಪದ್ದೇ ಬಲಪಟ್ಟಿ ಹಾಕಿಸಿ. ಪಟ್ಟಿಯ ಎರಡೂ ತುದಿ ಓರೆಯಾಗಿ, ವಜ್ರದಾಕಾರದಲ್ಲಿ ಕತ್ತರಿಸಿರಬೇಕು. ನೆಟ್ಟಗೆ ಕತ್ತರಿಸಿದ ಪಟ್ಟಿಯ ತುದಿಯಲ್ಲೇ ಭಾರವೆಲ್ಲ ನಿಂತು ಹೊಸ ಬಿರುಕು ಹುಟ್ಟುತ್ತದೆ. ಚಾಸಿಯ ಮೇಲಿನ ಮತ್ತು ಕೆಳಗಿನ ಅಂಚುಗಳಿಗೆ ಅಡ್ಡಲಾಗಿ ವೆಲ್ಡ್ ಎಳೆಯಬೇಡಿ, ತೂತೂ ಕೊರೆಯಬೇಡಿ. ಬಗ್ಗುವ ಬಲ ಅತಿ ಹೆಚ್ಚಿರುವುದು ಅಲ್ಲೇ.

ಇಷ್ಟು ರಿಪೇರಿ. ವೀಲ್‌ಬೇಸ್ ಉದ್ದ ಮಾಡುವುದು, ಬೇರೆ ಗಾಡಿಯ ಚಾಸಿ ತುಂಡು ಜೋಡಿಸುವುದು ಮಾರ್ಪಾಡು, ಅದಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ನನ್ನ ಹಳೆಯ ಪಿಕಪ್‌ನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಲೈನ್. ಟಿಎಂಸಿ (ಎರಡು ಪ್ರತ್ಯೇಕ ಲೈನುಗಳಿಗೆ ಒತ್ತಡ ಕೊಡುವ ಟ್ಯಾಂಡೆಮ್ ಮಾಸ್ಟರ್ ಸಿಲಿಂಡರ್) ಹಾಕಿಸಿದರೆ ಕಾನೂನಿಗೆ ವಿರುದ್ಧವೇ?

ಉತ್ತರ: ಬ್ರೇಕ್ ವಿವರ ಆರ್‌ಸಿಯಲ್ಲಿ ದಾಖಲಾಗುವುದಿಲ್ಲ, ಗಾಡಿಯ ಮೂಲ ರಚನೆಯೂ ಇದರಿಂದ ಬದಲಾಗುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಹಳೆಯ ಗಾಡಿಗೆ ಮಾಡಬೇಕಾದ ಮೊದಲ ಕೆಲಸ ಇದೇ. ಒಂದೇ ಲೈನಿನಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಆದರೂ ಕೆಲಸಕ್ಕೆ ಮುಂಚೆ ಆರ್‌ಟಿಓದ ಬ್ರೇಕ್ ಇನ್‌ಸ್ಪೆಕ್ಟರಿಗೆ ತೋರಿಸಿ, ಭಾಗಗಳ ಬಿಲ್ ಇಟ್ಟುಕೊಳ್ಳಿ.

ಹಳೆಯ ಮಾಸ್ಟರ್ ಸಿಲಿಂಡರಿನ ಬೋರ್ (ಒಳವ್ಯಾಸ) ಎಷ್ಟಿದೆಯೋ ಟಿಎಂಸಿಯದ್ದೂ ಅಷ್ಟೇ ಇರಲಿ. ಒಂದು ಅಂಗುಲದ ಜಾಗಕ್ಕೆ ಒಂದು ಸೂತಿನಷ್ಟು (ಅಂಗುಲದ ಎಂಟನೇ ಒಂದು ಭಾಗ) ದೊಡ್ಡದು, ಅಂದರೆ 28.6 ಮಿ.ಮೀ. ಬೋರಿನದು ಹಾಕಿದರೆ ಅದೇ ಕಾಲಿನ ಬಲಕ್ಕೆ ಒತ್ತಡ ಸುಮಾರು ಶೇ. 20 ಕಡಿಮೆಯಾಗುತ್ತದೆ, ಪೆಡಲ್ ಕಲ್ಲಿನಂತಾಗುತ್ತದೆ. ಪುಷ್ ರಾಡಿಗೆ 1ರಿಂದ 1.5 ಮಿ.ಮೀ. ಬಿಡುವು ಬಿಡಿ. ಬಿಡುವಿಲ್ಲದಿದ್ದರೆ ಆಯಿಲ್ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡು, ಹತ್ತು ಕಿ.ಮೀ. ಓಡುವಷ್ಟರಲ್ಲಿ ಡ್ರಮ್ ಕಾದು ಚಕ್ರ ಹಿಡಿದುಕೊಳ್ಳುತ್ತದೆ. ಡ್ರಮ್ ಬ್ರೇಕಿಗೆ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ ಬೇಕು, ಆದರೆ ಅನೇಕ ಟಿಎಂಸಿಗಳಲ್ಲಿ ಅದು ಒಳಗೇ ಇರುತ್ತದೆ. ಹೊರಗೆ ಇನ್ನೊಂದು ಸೇರಿಸಿದರೆ ಲೈನರ್ ಸದಾ ಉಜ್ಜುತ್ತಿರುತ್ತದೆ.

ಪೈಪು 4.75 ಮಿ.ಮೀ. ಸ್ಟೀಲಿನದ್ದೇ ಆಗಲಿ, ತುದಿಗೆ ಡಬಲ್ ಫ್ಲೇರ್ ಹೊಡೆಸಿ. ಬರಿ ತಾಮ್ರದ ಪೈಪು ಬಗ್ಗಿಸಲು ಸುಲಭವೆಂದು ಕೆಲವರು ಹಾಕುತ್ತಾರೆ. ಅದುರಿ ಅದುರಿ ಅದು ಗಡುಸಾಗಿ ಫ್ಲೇರಿನ ಬುಡದಲ್ಲೇ ಮುರಿಯುತ್ತದೆ. ಗಾಳಿ ತೆಗೆಯುವಾಗ ಮಾಸ್ಟರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ.

ಪ್ರಶ್ನೆ: ಹಿಂಭಾಗಕ್ಕೆ ಮುಚ್ಚಿದ ಬಾಡಿ, ಎದುರುಬದುರು ಸೀಟು, ಮುಂದೆ ಬುಲ್ ಬಾರ್, ಹೊಸ ಬಣ್ಣ. ಯಾವುದಕ್ಕೆ ಅನುಮತಿ ಬೇಕು?

ಉತ್ತರ: ಬುಲ್ ಬಾರ್ ಬಿಟ್ಟುಬಿಡಿ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಅದಕ್ಕೆ ಗುದ್ದಿದ ಪಾದಚಾರಿ ಉಳಿಯುವುದು ಕಷ್ಟ, ಗುದ್ದಿನ ಬಲ ನೇರ ಚಾಸಿಗೂ ಇಳಿಯುತ್ತದೆ. ಮುಚ್ಚಿದ ಬಾಡಿ ಮತ್ತು ಸೀಟಿನಿಂದ ಆರ್‌ಸಿಯ ಬಾಡಿ ವಿಧ, ಆಸನ ಸಂಖ್ಯೆ, ಖಾಲಿ ತೂಕ ಮೂರೂ ಬದಲಾಗುತ್ತವೆ. ಹಲಗೆಗೆ ವೆಲ್ಡ್ ಮಾಡಿದ ಬೆಂಚಿಗೆ ಅನುಮತಿ ಸಿಗುವುದಿಲ್ಲ, ಸಿಗಲೂಬಾರದು. ಬಿಚ್ಚಿ ತೆಗೆಯಬಹುದಾದ ಮರದ ಹಲಗೆಯ ಹಾಸು, ಕಮಾನಿಗೆ ಕಟ್ಟುವ ಟಾರ್ಪಾಲು ಸಾಕಷ್ಟು ಚೆಂದವಾಗಿಯೇ ಕಾಣುತ್ತವೆ. ಬಣ್ಣ ಬದಲಿಸಬಹುದು, ಆದರೆ ಬಣ್ಣವೂ ಆರ್‌ಸಿಯ ಒಂದು ದಾಖಲೆ. ಡಬ್ಬಿ ತೆರೆಯುವ ಮೊದಲೇ ಅರ್ಜಿ ಕೊಟ್ಟು, ತಿದ್ದುಪಡಿಯಾದ ಆರ್‌ಸಿಯ ಪ್ರತಿಯನ್ನು ವಿಮೆ ಕಂಪನಿಗೂ ಕಳಿಸಿ.